ಎವೆಲಿಯೊ ಭಾವನ ಮೂರು ಬೆರಳು ನೀರು

ಎವೆಲಿಯೊ ಎಂಬ ಹೆಸರು ನನ್ನ ಮನಸ್ಸಿನಲ್ಲಿ ನಿಂತದ್ದು ಅವನು ನಾಲ್ಕು ಜನರ ಕೈಯಿಂದ ಜಾರಿ ಸಮುದ್ರಕ್ಕೆ ಹಾರಿದ ದಿನ. ನನಗಾಗ ಒಂಬತ್ತು ವರ್ಷ. ಅಮ್ಮನ ಪಕ್ಕ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಹೊರಗೆ, "ಹಿಡಿದ್ರು! ಎವೆಲಿಯೊನ ಹಿಡಿದ್ರು!" ಎಂದು ಗುಲ್ಲೆದ್ದಿತು. ಪಕ್ಕದ ಮನೆಯ ಬ್ರಿಸೇದಕ್ಕನಿಗೆ ಗೊತ್ತುಮಾಡಿದ್ದ ಗಂಡು ಅವನು. ಪನಾಮದ ದ್ವೀಪಗಳ ನಮ್ಮ ಗುನಾ ಜನರಲ್ಲಿ ಹೆಣ್ಣಿನ ಕಡೆಯ ಹುಡುಗರು ಗಂಡನ್ನು ಹಿಡಿದು, ಹೊತ್ತುತಂದು ಅವಳು ಮಲಗುವ ಜೋಲಿಗೆ ಎಸೆಯುತ್ತಾರೆ. ಗಂಡಾದವನು ಮರ್ಯಾದೆಗಾದರೂ ಎರಡು ಸಲ ಓಡಿಹೋಗಬೇಕು. ಮೂರನೆಯ ಸಲವೂ ಓಡಿದರೆ ಹೆಣ್ಣಿನ ಮನೆಯವರ ಮುಖ ಸಣ್ಣದಾಗುತ್ತದೆ. ಅವನು ಓಡಿದ್ದು ಮೂರನೆಯ ಸಲ.

ನಾವು ಹೋಗಿ ನೋಡುವಾಗ ದೋಣಿಕಟ್ಟೆಯ ತುದಿಯಲ್ಲಿ ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮುಳುಗಿದವನು ಏಳಲೇ ಇಲ್ಲ. ಹೆಂಗಸರು ಎದೆ ಬಡಿದುಕೊಳ್ಳುವ ಹೊತ್ತಿಗೆ ಎಷ್ಟೋ ದೂರದಲ್ಲಿ ಒಂದು ತಲೆ ಮೇಲೆ ಬಂತು. ಗಡಿಗೆ ಗಾತ್ರದ ಹವಳದ ಕಲ್ಲನ್ನು ಎದೆಗೆ ಅವಚಿಕೊಂಡಿದ್ದ.

"ಹತ್ರ ಬಂದ್ರೆ ಎತ್ತಿ ಹಾಕ್ತೀನಿ ನೋಡಿ!"

ಬ್ರಿಸೇದಕ್ಕನ ತಾಯಿ ಸೊಂಟಕ್ಕೆ ಕೈಕೊಟ್ಟು ಕೂಗಿದಳು: "ಅಯ್ಯಯ್ಯೋ, ಏನು ಉಸಿರು ಕಣ್ರೋ ಅವನ್ದು! ಕಲ್ಲು ಸಮೇತ ಹಿಡ್ಕೊಂಡು ಬನ್ನಿ. ನಂಗೆ ಅಳಿಯನೂ ಬೇಕು, ಕಲ್ಲೂ ಬೇಕು."

ಎಲ್ಲರೂ ನಕ್ಕರು. ಅವನಿಗೂ ನಗು ತಡೆಯಲಿಲ್ಲ, ಮೂಗಿಗೆ ನೀರು ನುಗ್ಗಿತು, ಸಿಕ್ಕಿಬಿದ್ದ. ಮರುದಿನ ಎದುರಿನ ದಡಕ್ಕೆ ದೋಣಿಯಲ್ಲಿ ಹೋಗಿ, ಸೌದೆ ಕಡಿದು ತಂದು ಅತ್ತೆಯ ಬಾಗಿಲಲ್ಲಿ ಇಳಿಸಿದ. ಅಲ್ಲಿಗೆ ಮದುವೆ ಮುಗಿದಂತೆ. ಬ್ರಿಸೇದಕ್ಕ ನಮ್ಮ ದೊಡ್ಡಮ್ಮನ ಮಗಳು, ಹಾಗಾಗಿ ನನಗೆ ಅವನು ಭಾವ.

ನಮ್ಮ ದ್ವೀಪ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಗಿದರೆ ಕೇಳುವಷ್ಟು. ಅಳಿಯಂದಿರು ಬರುತ್ತಲೇ ಇರುತ್ತಾರೆ, ಮನೆ ದೊಡ್ಡದಾಗಬೇಕು, ಜಾಗವಿಲ್ಲ. ಅದಕ್ಕೆ ಸಮುದ್ರವನ್ನೇ ತುಂಬುವುದು. ಮುಳುಗಿ ಹವಳದ ಕಲ್ಲು ಕಿತ್ತು, ದೋಣಿಗೆ ಹೇರಿ ತಂದು, ಹಿತ್ತಿಲಿನ ನೀರಿಗೆ ಸುರಿದು ಮೇಲೆ ಮರಳು ಹಾಕುವುದು. ಬೇರೆಯವರು ದಿನಕ್ಕೆ ಎರಡು ದೋಣಿ ತಂದರೆ ಎವೆಲಿಯೊ ಭಾವ ನಾಲ್ಕು ತರುತ್ತಿದ್ದ. ನನ್ನ ಮದುವೆಯಾದಾಗ ನಮ್ಮ ಮನೆಯ ಹಿಂದಿನ ಅರ್ಧ ಅವನೇ ತುಂಬಿಸಿಕೊಟ್ಟದ್ದು. ನನ್ನ ಗಂಡ ಕ್ರಿಸ್ಪೀನ್ ಬರೀ ಹುಟ್ಟು ಹಾಕಿದ. ದ್ವೀಪದ ಗಾಳಿಯ ಕಡೆಯ ಮೂಲೆಯನ್ನಂತೂ ಭಾವ ಒಬ್ಬನೇ ಕಟ್ಟಿದ; ಎವೆಲಿಯೊ ಮೂಲೆ ಎಂದೇ ಅದರ ಹೆಸರು. ಅಲ್ಲೇ ಅವರ ಮನೆ.

ಅವನಿಗೆ ಐವತ್ತು ಸಮೀಪಿಸಿದಾಗ ಪನಾಮ ನಗರದಿಂದ ಓದಿದ ಹುಡುಗಿಯೊಬ್ಬಳು ಬಂದಳು. ಬಿಸಿಲಿಗೆ ಮೂಗಿನ ಸಿಪ್ಪೆ ಏಳುತ್ತಿತ್ತು ಪಾಪ. ಗೆರೆ ಹಾಕಿ ಬಣ್ಣ ಬಳಿದ ಒಂದು ಕೋಲು, ಒಂದು ಪುಸ್ತಕ ತಂದಿದ್ದಳು. ದಿನಾ ಬೆಳಿಗ್ಗೆ ಸಮುದ್ರದ ನೀರು ಕೋಲಿನಲ್ಲಿ ಎಲ್ಲಿಗೆ ಬಂದಿದೆ ಎಂದು ಬರೆಯಬೇಕು. ಭಾವ ಒಪ್ಪಿದ. "ಅಲುಗಾಡದೇ ಇರೋ ಜಾಗದಲ್ಲಿ ನಿಲ್ಲಿಸಿ, ಮಾಮ," ಎಂದು ಹೇಳಿ ಅವಳು ದೋಣಿ ಹತ್ತಿದಳು.

ಅಲುಗಾಡದ ಜಾಗ ಯಾವುದು? ಭಾವ ಎರಡು ದಿನ ಯೋಚಿಸಿದ. ಮರಳು ಸರಿಯುತ್ತದೆ. ಹವಳ ಮುರಿಯುತ್ತದೆ, ಮುರಿದವನು ಅವನೇ. ಕೊನೆಗೆ ತಾನೇ ಕಟ್ಟಿದ ಮೂಲೆಯ ಕಲ್ಲುಗಳ ನಡುವೆ ಕೋಲು ನೆಟ್ಟ. "ಒಂದೊಂದು ಕಲ್ಲೂ ನನ್ನ ಕೈಯಲ್ಲಿ ಬಂದದ್ದು. ಇದಕ್ಕಿಂತ ಗಟ್ಟಿ ಇನ್ನೇನಿದೆ?" ಎಂದ. ನಮಗೂ ಹಾಗೇ ಅನ್ನಿಸಿತ್ತು.

ಅವನಿಗೆ ಬರೆಯಲು ಬರುತ್ತಿರಲಿಲ್ಲ. ನೀರು ಎಷ್ಟಿದೆಯೋ ಅಷ್ಟುದ್ದ ಗೆರೆ ಎಳೆಯುತ್ತಿದ್ದ. ಹುಡುಗಿ ಮತ್ತೆರಡು ಸಲ ಬಂದಳು, ಆಮೇಲೆ ಬರಲಿಲ್ಲ. ಭಾವ ನಿಲ್ಲಿಸಲಿಲ್ಲ.

"ಆ ಹುಡುಗಿ ನಿನ್ನ ಮರೆತು ಎರಡು ಮಕ್ಕಳ ಹೆತ್ತಿರ್ತಾಳೆ. ನೀನಿನ್ನೂ ಕೋಲು ನೋಡ್ತಾ ಕೂತಿದ್ದೀಯ," ಎನ್ನುತ್ತಿದ್ದಳು ಬ್ರಿಸೇದಕ್ಕ.

"ಅವಳು ಮರೆತ್ರೆ ನೀರೂ ಮರೆಯುತ್ತೇನೆ?"

ಅದೇ ವರ್ಷಗಳಲ್ಲಿ ಡಿಸೆಂಬರಿನ ನೀರು ಮನೆಯೊಳಗೆ ಬರತೊಡಗಿತು. ಮೊದಲು ಒಂದು ದಿನ, ಆಮೇಲೆ ಮೂರು ದಿನ. ಸಭೆಮನೆಯಲ್ಲಿ ಜಗಳವೂ ಶುರುವಾಯಿತು. ಮುದುಕರು, "ನಮ್ಮಜ್ಜನ ಕಾಲದಲ್ಲೂ ಬರ್ತಿತ್ತು, ಹೋಗ್ತಿತ್ತು" ಎಂದರು. ಮೀನಿಗೆ ಹೋಗುವವರು, "ಅಲೆ ತಡೆಯೋ ಹವಳಾನ ನಾವೇ ಕಿತ್ತು ಮನೆ ಕೆಳಗೆ ಹಾಕ್ಕೊಂಡ್ವಿ, ಇನ್ನೇನಾಗುತ್ತೆ?" ಎಂದರು. ರೇಡಿಯೋ ಕೇಳುವವರು ದೂರದೇಶದ ಹೊಗೆಗೆ ಲೋಕವೇ ಕಾದು, ಬೆಟ್ಟದಷ್ಟು ಮಂಜುಗಡ್ಡೆ ಕರಗಿ ಸಮುದ್ರ ಏರುತ್ತಿದೆ ಎಂದರು. "ನಾನು ಮಂಜುಗಡ್ಡೆ ನೋಡಿರೋದು ಮೀನಿನ ಡಬ್ಬೀಲಿ. ಅದು ಕರಗಿದ್ರೆ ನನ್ನ ಕಾಲೂ ನೆನೆಯಲ್ಲ," ಎಂದು ನನ್ನ ಕ್ರಿಸ್ಪೀನ್ ಎಲ್ಲರನ್ನೂ ನಗಿಸಿದ್ದ. ಆಗ ನಾನೂ ನಕ್ಕಿದ್ದೆ.

ಎದುರಿನ ದಡದಲ್ಲಿ, ಬೆಟ್ಟದ ಬದಿಯಲ್ಲಿ, ಊರಿಗೆ ಸೇರಿದ ಜಾಗವಿತ್ತು. ಈಗ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಆದರೆ ಸಭೆ ಒಪ್ಪದೆ ಒಂದು ಮನೆಯೂ ಅಲ್ಲಿಗೆ ಎದ್ದುಹೋಗುವಂತಿರಲಿಲ್ಲ. ಹೋದರೆ ಊರೇ ಹೋಗಬೇಕು. ಬ್ರಿಸೇದಕ್ಕನಿಗೆ ಎದೆಯ ಕಾಯಿಲೆ ಹತ್ತಿತ್ತು. ಒದ್ದೆ ನೆಲದ ಮೇಲೆ ಇನ್ನೆರಡು ಮಳೆಗಾಲ ಕಳೆಯುವುದು ಕಷ್ಟ ಎಂದು ಡಾಕ್ಟರು ಭಾವನಿಗೆ ಹೇಳಿದ್ದರು. ಜನ್ಮದಲ್ಲಿ ಸಭೆಯಲ್ಲಿ ಬಾಯಿ ಬಿಡದಿದ್ದವನು ಆ ವರ್ಷ ಪುಸ್ತಕ ಹಿಡಿದು ಎದ್ದು ನಿಂತ.

ಮಧ್ಯಾಹ್ನದ ಸಭೆ. ಹಿರಿಯರು ನಡುವೆ ತಮ್ಮ ಜೋಲಿಗಳಲ್ಲಿ ಒರಗಿದ್ದರು. ನಾವು ಹೆಂಗಸರು ಮುಂದಿನ ಬೆಂಚುಗಳಲ್ಲಿ ರವಿಕೆಗೆ ಹಚ್ಚುವ ಬಣ್ಣಬಣ್ಣದ ಮೋಲಾ ಬಟ್ಟೆ ಹೊಲಿಯುತ್ತಿದ್ದೆವು. ತೂಕಡಿಸುವವರನ್ನು ಎಬ್ಬಿಸುವ ಕೂಗಾಳು ಮೂಲೆಯಿಂದ, "ನಿದ್ದೆ ಮಾಡಬೇಡೀ!" ಎಂದು ಕಿರುಚಿದ. ಭಾವ ಬೆಚ್ಚಿದ.

"ಹದಿನಾರು ವರ್ಷ ಆಯ್ತು," ಎಂದ. "ದಿನಾ ನೋಡಿದ್ದೀನಿ. ಒಂಬತ್ತು ಬೆರಳು ನೀರು ಏರಿದೆ. ನಾವು ದಡಕ್ಕೆ ಹೋಗ್ಬೇಕು. ಬೇಗ ಹೋಗ್ಬೇಕು."

ಆಗ ಎರಾಸ್ಮೊ ಮೇಷ್ಟ್ರು ಎದ್ದರು. ಕೆಟ್ಟವರಲ್ಲ, ನನ್ನ ಮೊಮ್ಮಕ್ಕಳಿಗೆ ಓದು ಕಲಿಸಿದವರು. ಅವರ ಕೈಯಲ್ಲಿ ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪಿತ್ತು.

"ಎವೆಲಿಯೊ ಮಾಮ, ಬೇಜಾರು ಮಾಡ್ಕೋಬೇಡಿ. ಹೊಸ ಶಾಲೆ ಕಟ್ಟಿದಾಗ ಶಾಲೆ ಮೆಟ್ಟಿಲೂ ನಿಮ್ಮ ಮೂಲೆಯೂ ಒಂದೇ ಮಟ್ಟ ಇತ್ತು, ಹೌದಾ? ನೀವೇ ಮಟ್ಟ ಮಾಡಿದ್ದು."

"ಹೌದು."

"ಅದೇ ವರ್ಷ ಕೋಲು ನೆಟ್ಟಿರಿ. ನಿನ್ನೆ ಅಳೆದೆ. ನಿಮ್ಮ ಮೂಲೆ ಆರು ಬೆರಳು ಕುಸಿದಿದೆ. ಶಾಲೆ ಇರೋದು ಹಳೇ ನೆಲದ ಮೇಲೆ, ಅದು ಹಾಗೇ ಇದೆ. ಮೂಲೆ ಜೊತೆ ನಿಮ್ಮ ಕೋಲೂ ಮುಳುಗ್ತಿದೆ, ಮಾಮ."

ಹಿಂದಿನ ಬೆಂಚಿನಿಂದ ಯಾರೋ, "ಹಂಗಾದ್ರೆ ಸಮುದ್ರ ಏರಿಲ್ಲ ಕಣ್ರಪ್ಪೋ, ಎವೆಲಿಯೊ ಇಳಿದಿದ್ದಾನೆ!" ಎಂದರು.

ನಗು ಹೇಗೆ ಹೊರಟಿತೆಂದರೆ ಜೋಲಿಯಲ್ಲಿದ್ದ ಹಿರಿಯರೂ ಹೊಟ್ಟೆ ಹಿಡಿದುಕೊಂಡರು. "ಕಲ್ಲು ಕಿತ್ತವನೂ ಅವನೇ, ಕೋಲು ನೆಟ್ಟವನೂ ಅವನೇ, ಈಗ ಊರು ಬಿಡಿ ಅನ್ನೋನೂ ಅವನೇ!" ಎಂದಳೊಬ್ಬಳು. ಅವಳ ಅಡಿಗೆಮನೆಯ ಕೆಳಗೂ ಅವನದೇ ಕಲ್ಲು. ಮೇಷ್ಟ್ರು ಇನ್ನೂ ಏನೋ ಹೇಳಲು ಕೈ ಎತ್ತಿದ್ದರು. ಗದ್ದಲದಲ್ಲಿ ಅವರ ಮಾತು ಯಾರಿಗೂ ಕೇಳಲಿಲ್ಲ.

ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೂ ಒಂಬತ್ತರಲ್ಲಿ ಆರು ಕಳೆದರೆ ಮೂರು ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಆ ಮೂರು ಬೆರಳು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಟ್ಟೆಗೆ ಸೂಜಿ ಚುಚ್ಚಿಕೊಂಡು ತಲೆ ತಗ್ಗಿಸಿ ಕೂತೆ. ಭಾವ ಒಮ್ಮೆ ನನ್ನ ಕಡೆ ನೋಡಿದ. ಪುಸ್ತಕ ಮಡಚಿ ಕಂಕುಳಿಗೆ ಇಟ್ಟುಕೊಂಡು ಹೊರಗೆ ಹೋದ.

ಊರು ಜಾಗ ಬಿಟ್ಟು ಏಳಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಒಂಬತ್ತು ದಿನ ನೀರು ಇಳಿಯಲಿಲ್ಲ. ಬ್ರಿಸೇದಕ್ಕನ ಒಲೆಯ ಸೌದೆಗಳು ತೇಲಿಹೋದವು. ಜೋಲಿಯನ್ನು ಎಷ್ಟು ಮೇಲೆ ಕಟ್ಟಿದರೂ ಕೆಳಗೆ ನೀರು, ಮನೆಯೊಳಗೆ ಬೆಂಕಿಯಿಲ್ಲ. ನಮ್ಮ ಮನೆಯಲ್ಲಿ ಕಲ್ಲು ಪೇರಿಸಿ ಅದರ ಮೇಲೆ ಒಲೆ ಹಚ್ಚಿ ಬಾಳೆಕಾಯಿ ಗಂಜಿ ಕಾಯಿಸಿ ಒಯ್ಯುತ್ತಿದ್ದೆ. ಎರಡು ಗುಟುಕು ಕುಡಿದು, "ಸಾಕು ಸೆಲೀ, ಅವನಿಗೆ ಕೊಡು," ಎನ್ನುತ್ತಿದ್ದಳು. ನೀರು ಇಳಿದ ಮೂರನೆಯ ದಿನ ಹೋಗಿಬಿಟ್ಟಳು.

ಮಣ್ಣು ಮಾಡಲು ದಡಕ್ಕೆ ಒಯ್ದೆವು; ನಮ್ಮ ಸತ್ತವರಿಗೆಲ್ಲ ಜಾಗ ಅಲ್ಲೇ. ದೋಣಿಯಲ್ಲೂ ಜನ ವಾದ ಬಿಡಲಿಲ್ಲ. "ನೀರಿಂದಾನೇ ಹೋಗಿದ್ದು" ಎಂದರೆ ಒಬ್ಬರು, "ವಯಸ್ಸಾಗಿತ್ತಲ್ಲಪ್ಪಾ, ನೀರ್ಯಾಕೆ ಬೇಕು?" ಎಂದರು ಇನ್ನೊಬ್ಬರು. ಭಾವ ಮುಂದೆ ಕೂತು ಹುಟ್ಟು ಹಾಕುತ್ತಿದ್ದ. ತಿರುಗಿ ನೋಡದೆ ಹೇಳಿದ: "ದಡ ಸೇರೋವರೆಗಾದ್ರೂ ಸುಮ್ನಿರಿ. ಅವಳಿಗೆ ಗಲಾಟೆ ಆಗ್ತಿರಲಿಲ್ಲ."

ತಿಂಗಳು ಕಳೆದ ಮೇಲೆ ಮೇಷ್ಟ್ರ ಮನೆಗೆ ಹೋಗಿ ಕೇಳಿದನಂತೆ, "ಅಲುಗಾಡದ ಜಾಗ ಯಾವುದು, ನೀವೇ ಹೇಳಿ." ಮೇಷ್ಟ್ರು ಕಣ್ಣೊರೆಸಿಕೊಂಡು ಅವನ ಜೊತೆ ದೋಣಿ ಹತ್ತಿದರು. ನಾವು ಕುಡಿಯುವ ನೀರು ತರುವ ಹೊಳೆಬಾಯಿಯ ಹತ್ತಿರ, ಬೆಟ್ಟದ ಕಾಲು ಸಮುದ್ರಕ್ಕೆ ಇಳಿದ ಕಡೆ, ಒಂದು ಕರಿಬಂಡೆಯಿದೆ. ಅದರ ಮೇಲೆ ನೀರಿನ ಮಟ್ಟಕ್ಕೆ ಉಳಿಯಿಂದ ಕಚ್ಚು ಹೊಡೆದರು. "ಇದನ್ನ ನಾನು ತಂದಿಟ್ಟಿಲ್ಲ. ಇದಾದ್ರೂ ಸುಳ್ಳು ಹೇಳಲ್ಲ," ಎಂದ ಭಾವ. ಊರಿನಲ್ಲಿ ಯಾರಿಗೂ ಹೇಳಬೇಡಿ ಎಂದು ಮೇಷ್ಟ್ರ ಹತ್ತಿರ ಮಾತು ತೆಗೆದುಕೊಂಡ.

ದಿನಾ ನೀರು ತರುವ ನೆಪದಲ್ಲಿ ಹೋಗಿ ನೋಡುತ್ತಿದ್ದ. ನಾಲ್ಕು ವರ್ಷದಲ್ಲಿ ಅವನ ಕಣ್ಣಿಗೆ ಪೊರೆ ಬಂತು. ಅಷ್ಟರಲ್ಲಿ ನನ್ನ ಕ್ರಿಸ್ಪೀನನೂ ತೀರಿಕೊಂಡಿದ್ದ. ಒಂದು ಬೆಳಿಗ್ಗೆ ಭಾವ ನನ್ನ ಬಾಗಿಲಿಗೆ ಬಂದು, "ಸೆಲೀ, ಒಂದು ಕಡೆ ಬರ್ತೀಯಾ? ಯಾಕೆ ಅಂತ ಕೇಳಬೇಡ," ಎಂದ. ಹೋದೆ. ಆಮೇಲೆ ದಿನಾ ಹೋದೆ. ಕಚ್ಚಿನ ಮೇಲೆ ಬೆರಳಿಟ್ಟು ನೀರು ನೋಡುವವಳು ನಾನು, ಹಿಂದೆ ಕೂತು ಕೇಳಿಸಿಕೊಳ್ಳುವವನು ಅವನು. ಮೋಲಾ ಹೊಲಿಯುವ ಕೆಂಪು ದಾರದಲ್ಲಿ ಅಳತೆ ಹಿಡಿದು ಗಂಟು ಹಾಕುತ್ತಿದ್ದೆ. ಒಮ್ಮೆ ದಾರಿಯಲ್ಲಿ ಕೇಳಿಯೇಬಿಟ್ಟೆ: "ಅವತ್ತು ಸಭೇಲಿ ನಾನು ಬಾಯಿ ಬಿಡಲಿಲ್ಲ ಅಂತ ನಿಂಗೆ ಕೋಪ ಇಲ್ವಾ, ಭಾವ?"

ಅವನು ಹುಟ್ಟು ಹಾಕುತ್ತಲೇ ಇದ್ದ. "ಇತ್ತು," ಎಂದ.

ಬಂಡೆಗೆ ಕಚ್ಚು ಹೊಡೆದು ಒಂಬತ್ತು ವರ್ಷವಾಗುವಷ್ಟರಲ್ಲಿ ಭಾವ ಜೋಲಿ ಹಿಡಿದ. ಕಾಲು ಬಾತುಕೊಂಡಿತ್ತು. ನೀರಿಳಿದಾಗ ಅವನ ನೆಲ ಸಮುದ್ರಕ್ಕಿಂತ ನಾಲ್ಕು ಬೆರಳು ಮೇಲಿತ್ತು, ಅಷ್ಟೇ. ಮರುದಿನ ಮತ್ತೆ ಊರು ದಡಕ್ಕೆ ಹೋಗುವ ಮಾತಿಗೆ ಸಭೆ ಕರೆದಿದ್ದರು. ನಾನು ಕಾಯಿಹಾಲಿನ ಮೀನುಸಾರು ಒಯ್ದಿದ್ದೆ. ಮುಟ್ಟಲಿಲ್ಲ.

"ದಾರ ಎಷ್ಟು ಹೇಳ್ತು?"

"ಒಂದೂವರೆ ಬೆರಳು, ಭಾವ."

"ನಾಳೆ ಸಭೇಲಿ ಎದ್ದು ನಿಂತು ಹೇಳು."

"ನಾನಾ? ಮುದುಕಿ, ಅರ್ಧ ಓದಿದವಳು. ನನ್ನ ಮಾತು ಯಾರು ಕೇಳ್ತಾರೆ?"

"ಮೊದಲು, ನಾವು ಹವಳ ಕಿತ್ತಿದ್ದು ನಿಜ ಅನ್ನು. ಮೂಲೆ ಕುಸಿದಿದ್ದೂ ನಿಜ ಅನ್ನು. ಅವರು ಹೇಳೋದನ್ನೆಲ್ಲ ನೀನೇ ಮೊದಲು ಹೇಳಿಬಿಡು. ಆಮೇಲೆ ಬಂಡೆ ವಿಷಯ ಹೇಳು, ಒಂದೂವರೆ ಬೆರಳು ಅನ್ನು. ನಂಬದೇ ಇದ್ರೆ ಬಂದು ಬೆರಳಿಟ್ಟು ನೋಡಿ ಅನ್ನು."

"ಯಾರು ಅಳೆದದ್ದು ಅಂತ ಕೇಳ್ತಾರಲ್ಲ."

ಅವನು ಜೋಲಿಯಿಂದ ಕೈ ಚಾಚಿ ನನ್ನ ಕೈ ಹುಡುಕಿದ.

"ನೀನೇ ಅಳೆದೆ ಅನ್ನು. ಮೇಷ್ಟ್ರು ಅಳೆದ್ರು ಅನ್ನು. ನನ್ನ ಹೆಸರು ಮಾತ್ರ ಎತ್ತಬೇಡ, ಸೆಲೀ. ನನ್ನ ಹೆಸರು ಬಂತೋ, ಎಲ್ಲಾ ನಕ್ಕು ಎದ್ದು ಹೋಗ್ತಾರೆ. ಎತ್ತಲ್ಲ ಅಂತ ಮಾತು ಕೊಡು."