ಹುಬ್ಬಳ್ಳಿಯವರೆಂದು ಹೇಳಿ ಬಾದಾಮಿ ಕೋಟೆ ಹತ್ತಿದ್ದು

ಬಾದಾಮಿಯಲ್ಲಿ ಗೈಡ್ ಆಗಿದ್ದವನ ಸಂಬಂಧ ನನಗೆ ಬಂದಾಗ ಅವ್ವ ಮೂಗು ಮುರಿದಳು. ದಿನವಿಡೀ ಪರಊರಿನವರಿಗೆ ಕಥೆ ಕಟ್ಟಿ ಹೇಳುವವನು ಹೆಂಡತಿಗೆ ಖರೆ ಹೇಳುತ್ತಾನೆಯೇ ಎಂಬುದು ಅವಳ ತಕರಾರು. ಅವನ ಫೋಟೋ ನಮ್ಮಲ್ಲಿತ್ತು, ನನ್ನದಿನ್ನೂ ಹೋಗಿರಲಿಲ್ಲ. ಅವರು ಹೆಣ್ಣು ನೋಡಲು ಬರುವ ಮೊದಲೇ ಗುಟ್ಟಾಗಿ ಗಂಡು ನೋಡಿ ಬರೋಣವೆಂದು ಇಬ್ಬರೂ ಇಳಕಲ್ಲಿನಲ್ಲಿ ಬಸ್ಸು ಹತ್ತಿದೆವು. ತೊಂಬತ್ತೊಂಬತ್ತೋ ಎರಡು ಸಾವಿರವೋ, ಅಂತೂ ಅಮಾವಾಸ್ಯೆ, ಮಗ್ಗಕ್ಕೆ ರಜೆ.

ಕೋಟೆಯ ಬುಡದಲ್ಲಿ ಅವನೇ ಸಿಕ್ಕ. ನಾವು ಹುಬ್ಬಳ್ಳಿಯವರೆಂದು ಹೇಳಿ ಅವ್ವ ಅವನನ್ನೇ ಗೊತ್ತು ಮಾಡಿದಳು. ಮೆಟ್ಟಿಲಿಗೊಂದು ಪ್ರಶ್ನೆ ಹಾಕುತ್ತಲೇ ಹತ್ತಿದಳು, ನನಗೆ ನಾಚಿಕೆಯಿಂದ ಸಾಕಾಯಿತು. ಮೇಲೆ ಗುಂಡನೆಯ ಹಳೆಯ ಕಟ್ಟಡ ತೋರಿಸಿ, ಕೆಲವರು ಕಣಜ ಅನ್ನುತ್ತಾರೆ, ಕೆಲವರು ಖಜಾನೆ ಅನ್ನುತ್ತಾರೆ, ತನಗೆ ಗೊತ್ತಿಲ್ಲ ಎಂದ. ಶಿವಾಲಯದೊಳಗಿನ ಮೂರ್ತಿ ಎಲ್ಲಿ ಹೋಯಿತೆಂದರೆ ಅದೂ ಗೊತ್ತಿಲ್ಲ. ಕಥೆ ಕಟ್ಟಲು ಬೇಕಾದಷ್ಟು ಜಾಗವಿತ್ತು, ಕಟ್ಟಲಿಲ್ಲ. ಅವ್ವನ ಮುಖ ಸಡಿಲಾಯಿತು. ನಾನೂ ಧೈರ್ಯ ಮಾಡಿ ಅವನ ಮುಖ ನೋಡಿದೆ.

ಅಲ್ಲಿಂದ ಇಳಿದು ಮೇಣಬಸದಿಯ ಗುಹೆಗಳಿಗೆ ಹೋದೆವು. ನಮ್ಮ ನೇಕಾರ ಹೆಂಗಸರಿಗೆ ಒಂದು ಚಾಳಿ ಇದೆ. ಯಾವ ಸೀರೆ ಕಂಡರೂ, ಸೆರಗನ್ನು ಒಡಲಿಗೆ ಕೂಡಿಸಿದ ಕೊಂಡಿಯನ್ನು ಹೆಬ್ಬೆರಳಿನಿಂದ ಸವರಿ ನೋಡದೆ ಬಿಡುವುದಿಲ್ಲ. ಕಂಬದಲ್ಲಿ ಕೆತ್ತಿದ ಹೆಂಗಸಿನ ಸೆರಗಿಗೂ ಅವ್ವನ ಹೆಬ್ಬೆರಳು ಹೋಯಿತು.

"ಕಲ್ಲಿನ ಸೆರಗಿಗೆ ಕೊಂಡಿ ಇರೂದಿಲ್ಲರಿ, ಅತ್ತಿ," ಅಂದ.

ಅಲ್ಲಿಯತನಕ ಅವಳನ್ನು 'ಯವ್ವಾ' ಎನ್ನುತ್ತಿದ್ದವನು ಈಗ ಅತ್ತೆ ಎಂದಿದ್ದ. ಯಾವಾಗ ಗೊತ್ತಾಯಿತೆಂದು ಅವ್ವ ಕೇಳಿದಳು. ಕೋಟೆಯ ಬುಡದಲ್ಲಿ ಮಾತಾಡುತ್ತಲೇ ಅವಳು ಅವನ ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಸವರಿ ನೋಡಿದಾಗಲೇ ಇಳಕಲ್ಲಿನವರೆಂದು ತಿಳಿಯಿತಂತೆ. ಊರು ಮುಚ್ಚಿಟ್ಟು ಬಂದ ಇಳಕಲ್ಲಿನ ತಾಯಿ-ಮಗಳು ಹೆಣ್ಣಿನ ಕಡೆಯವರಲ್ಲದೆ ಮತ್ಯಾರು ಅಂದ.

ಬಸ್ಸಿನಲ್ಲಿ ಅವ್ವ ಕುದಿಯುತ್ತಿದ್ದಳು. ನಾವು ಯಾರೆಂದು ತಿಳಿದ ಮೇಲೆ ಆಡಿದ ಮಾತು ಖರೆಯೋ, ನಮ್ಮನ್ನು ಮೆಚ್ಚಿಸಲು ಆಡಿದ್ದೋ? ಆ ಅನುಮಾನ ನನಗೂ ಅಂಟಿತ್ತು. ಆದರೂ ಸಿಟ್ಟು ತಡೆಯಲಾಗಲಿಲ್ಲ.

"ಅವ್ವಾ, ಇವತ್ತ ಸುಳ್ಳು ಹೇಳಿದಾಕಿ ನೀ. ಅಂವ ಒಂದೂ ಹೇಳಲಿಲ್ಲ."

"ಒಂದೂ ಹೇಳಲಿಲ್ಲ ನೋಡು, ಅದಕ್ಕ ನನಗ ಸಂಶೆ."

ಮನೆಗೆ ಒಬ್ಬ ಸಂಶಯದವಳು ಸಾಕೆನಿಸಿತು. ಊರು ಮುಟ್ಟಿ, ಇನ್ನೂ ಕಾಲು ಸಹ ತೊಳೆಯದೆ, ಅಪ್ಪನ ಮುಂದೆ ನಿಂತು ಹೂಂ ಅಂದೆ.