ಮಗುವನ್ನು ಎತ್ತಿಕೊಂಡು ನಿಂತವರು

ಅಣ್ಣನಿಗೆ ಮೊದಲ ಮಗು ಹುಟ್ಟಿದ ವಾರ ನಮ್ಮ ಮನೆಯಲ್ಲಿ ಊರಿನವರ ಗುಣ ಅವಗುಣಗಳದೇ ಮಾತು. ಚರ್ಚಿನಲ್ಲಿ ಮಗುವಿಗೆ ನೀರು ಹೊಯ್ದು ಹೆಸರಿಡುವ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವರ ಗುಣ ಮಗುವಿಗೆ ಬರುತ್ತದೆ ಎಂದು ಅಜ್ಜಿ ನಂಬಿದ್ದಳು. ಹಾಗಾಗಿ ಜ್ಞಾನ ತಂದೆ ಯಾರು, ಜ್ಞಾನ ತಾಯಿ ಯಾರು ಎನ್ನುವುದು ಮಗುವಿನ ಹೆಸರಿಗಿಂತ ದೊಡ್ಡ ವಿಷಯವಾಗಿತ್ತು.

ಇದು ಐವತ್ತರ ದಶಕದ ಮಾತು. ನಾವು ಚಾಮರಾಜನಗರದಲ್ಲಿದ್ದೆವು. ಅಪ್ಪ, ಅವ್ವ ಇಬ್ಬರೂ ಇರಲಿಲ್ಲ. ಅಣ್ಣ, ಅತ್ತಿಗೆ, ನಾನು, ನನ್ನ ತಂಗಿ, ಎಲ್ಲರ ಮೇಲೆ ಅಜ್ಜಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಅವ್ವ ಹೋದಾಗ ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟೆ, ತಂಗಿ ಮಾತ್ರ ಮುಂದುವರಿದು ಮಿಡ್ಲ್ ಸ್ಕೂಲು ಮುಗಿಸಿದಳು. ಈಗ ಬರೆಯುವಾಗ ನನ್ನ ಒತ್ತಕ್ಷರಗಳು ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯ ಮಾತ್ರ ನನ್ನದೇ.

"ದೊಡ್ಡಪ್ಪನ ಮಗ ಇಲ್ವಾ ಅಜ್ಜಿ?" ಎಂದ ಅಣ್ಣ.

"ಅವ್ನಾ? ಪೂಜೇಲಿ ಗಂಟೆ ಹೊಡುದ್ರೂ ಗೊರಕೆ ನಿಲ್ಸಲ್ಲ. ನಿನ್ ಮಗ ಕುಂತಲ್ಲೇ ನಿದ್ದೆ ಮಾಡ್ಲಿ ಅಂತೀಯಾ?"

"ಅಂಗಾರೆ ಗಾರೆ ಮೇಸ್ತ್ರಿ?"

"ಬಾಯಿ ಬುಟ್ರೆ ಹೆಂಡದ ವಾಸ್ನೆ. ಸೈತಾನನ್ನ ಬುಡ್ತೀಯಾ ಅಂತ ಸ್ವಾಮ್ಯೋರು ಕೇಳ್ದಾಗ ಏನಂತ ಯೋಳಾನು? ನಾಳಿಂದ ಬುಡ್ತೀನಿ ಅಂತಾನಾ?"

ಒಳಗಿನ ಕೋಣೆಯಲ್ಲಿ ಮಲಗಿದ್ದ ಅತ್ತಿಗೆ ನಗುವುದು ನಮಗೆ ಕೇಳಿಸಿತು.

ಕೊನೆಗೆ ಅಣ್ಣ ತನ್ನ ಗೆಳೆಯನ ಹೆಸರು ಹೇಳಿದ. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಅವನು, ನಮ್ಮ ಜನವೇ. ಬಸ್ಸು ಚಾಮರಾಜನಗರದಲ್ಲಿ ನಿಂತಾಗಲೆಲ್ಲ ನಮ್ಮ ಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದ. ಬಸ್ ನಿಲ್ದಾಣದಲ್ಲಿ ನೀರಿಲ್ಲವೇ ಎಂದು ಅಜ್ಜಿ ಕೇಳಿದರೆ, "ಅಲ್ಲಿ ಉಪ್ಪುನೀರು ಕಣಜ್ಜಿ," ಎನ್ನುತ್ತಿದ್ದ. ನೀರು ಕೊಡುತ್ತಿದ್ದವಳು ನನ್ನ ತಂಗಿ. ಅವನ ತಾಯಿ ಒಮ್ಮೆ ಬಂದು ತಂಗಿಯ ತಲೆ ಸವರಿ ಹೋಗಿದ್ದಳು. ಕ್ರಿಸ್ಮಸ್ ಕಳೆಯಲಿ, ಕೂತು ಮಾತಾಡೋಣ ಎಂದು ಎರಡೂ ಕಡೆ ಮಾತಾಗಿತ್ತು. ಹಿರಿಯವಳಾದ ನನಗೆ ಬಂದಿದ್ದ ಒಂದು ಸಂಬಂಧ ಅದೇ ವರ್ಷ ಮುರಿದಿತ್ತು. ಅದನ್ನು ಇಲ್ಲಿ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಹೇಳಿದ್ದೇನೆ.

ಅಜ್ಜಿ ಅವನನ್ನು ಒಪ್ಪಿಕೊಂಡಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

"ಮಗೀನ ಜ್ಞಾನ ತಾಯಿಯಾಗಿ ನೀನೇ ನಿಂತ್ಕೋ. ಚಿಕ್ಕೋಳ್ನ ನಿಲ್ಲುಸ್ಬ್ಯಾಡ."

"ಯಾಕಜ್ಜಿ?"

"ಒಂದೇ ಮಗೀನ ಒಟ್ಗೆ ಎತ್ಕೊಂಡು ನಿಂತೋರು ಅಣ್ಣ ತಂಗಿ ಆಯ್ತಾರೆ ಕಣಮ್ಮಿ. ಆಮೇಲೆ ಮದ್ವೆ ಮಾಡಾಂಗಿಲ್ಲ. ಅವ್ಳಿಗೆ ಈಗ್ಲೇ ಯೋಳ್ಬ್ಯಾಡ, ನಾಚ್ಕತಾಳೆ."

ಹೀಗೆ ಆ ಮಾತು ಅಜ್ಜಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ಅಣ್ಣನ ಮದುವೆಯ ಪಂಚೆಯಿಂದ ಮಗುವಿಗೆ ಬಿಳಿ ಅಂಗಿ ಹೊಲಿದೆವು. ನಾನು ಕತ್ತರಿಸಿದೆ, ತಂಗಿ ಹೊಲಿದಳು. ಕತ್ತಿನ ಹತ್ತಿರ ಬಟ್ಟೆ ಚಿಕ್ಕದಾಗಿ ಅವಳು ಮತ್ತೆ ಬಿಚ್ಚಿ ಹೊಲಿಯಬೇಕಾಯಿತು. "ಮಗೀನ ಕುತ್ತಿಗೆ ಹಿಸುಕ್ಬುಡ್ತಿದ್ದೆ ಕಣಕ್ಕ ನೀನು," ಎಂದು ನಕ್ಕಳು.

ಜ್ಞಾನಸ್ನಾನದ ದಿನ ಬಾಣಂತಿ ಚರ್ಚಿಗೆ ಬರುವ ಹಾಗಿರಲಿಲ್ಲ. ಅವಳ ಜೊತೆ ಅಜ್ಜಿಯೂ ಮನೆಯಲ್ಲೇ ಉಳಿದಳು. ಅಣ್ಣ, ಕಂಡಕ್ಟರ್, ತಂಗಿ ಮತ್ತು ಮಗುವನ್ನು ಎತ್ತಿಕೊಂಡ ನಾನು ಹೋದೆವು. ಬಾಗಿಲಲ್ಲಿ ಉಪದೇಶಿ ನಿಂತಿದ್ದರು. ಪಾದ್ರಿ ಸ್ವಾಮಿಗಳು ಇಲ್ಲದ ದಿನಗಳಲ್ಲಿ ನಮಗೆ ಜಪ ಹೇಳಿಕೊಡುತ್ತಿದ್ದವರು ಅವರೇ. ಮಗುವಿನ ಪರವಾಗಿ ನಿಲ್ಲುವವರಿಗೆ ವಿಶ್ವಾಸ ಪ್ರಮಾಣದ ಜಪ ಬಾಯಿಗೆ ಬರುತ್ತದೆಯೇ ಎಂದು ಒಳಗೆ ಬಿಡುವ ಮೊದಲು ಅವರು ನೋಡುತ್ತಿದ್ದರು.

ಕಂಡಕ್ಟರ್ ಬಸ್ಸಿನಲ್ಲಿ ಊರುಗಳ ಹೆಸರು ಕೂಗುವ ಹಾಗೆ ಸರಸರನೆ ಹೇಳಿ ಮುಗಿಸಿದ.

"ನಿಧಾನ ಕಣಯ್ಯ, ದೇವ್ರೂ ಹತ್ಕೋಬೇಕು," ಎಂದರು ಉಪದೇಶಿ. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಯೋಳಮ್ಮ."

ವಿಶ್ವಾಸ ಪ್ರಮಾಣ ನನಗೆ ಬರುತ್ತಿರಲಿಲ್ಲ ಎಂದರೆ ಸುಳ್ಳು. ಪ್ರತಿ ಸಂಜೆ ದೀಪ ಹಚ್ಚಿ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದೆವು. ಆದರೆ ಒಟ್ಟಿಗೆ ಹೇಳುವಾಗ ಪಕ್ಕದವರ ದನಿ ಹಿಡಿದುಕೊಂಡೇ ನಡೆದುಬಿಡಬಹುದು. ಒಬ್ಬಳೇ ಎಂದೂ ಹೇಳಿರಲಿಲ್ಲ. ಅರ್ಧದವರೆಗೆ ಹೇಳಿದೆ. ನಿಂತುಹೋಯಿತು. ಮತ್ತೆ ಮೊದಲಿನಿಂದ ಹೇಳಿದೆ, ಅದೇ ಜಾಗದಲ್ಲಿ ನಿಂತಿತು. ಮುಂದಿನ ಮಾತು ನಾಲಿಗೆಯ ಹತ್ತಿರವೇ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಇತ್ತೋ ಇಲ್ಲವೋ ಆಣೆ ಮಾಡಿ ಹೇಳಲಾರೆ. ತಂಗಿ ಪಕ್ಕದಲ್ಲಿ ತುಟಿ ಅಲ್ಲಾಡಿಸಿ ತೋರಿಸುತ್ತಿದ್ದಳು. ನಾನು ಅವಳ ತುಟಿಯನ್ನೇ ನೋಡಿದೆ, ಬಾಯಿ ತೆರೆಯಲಿಲ್ಲ.

"ಇನ್ನೊಂದ್ಸಲ ಯೋಳು, ಹೆದರ್ಬೇಡ," ಎಂದರು ಉಪದೇಶಿ.

ಅವರು ನನ್ನನ್ನು ಹೊರಗೆ ಹಾಕಲಿಲ್ಲ. ಅದನ್ನು ಸರಿಯಾಗಿ ಹೇಳಬೇಕು. ನಾನೇ ಮಗುವನ್ನು ತಂಗಿಯ ಕೈಗೆ ಕೊಟ್ಟೆ. "ಇವ್ಳು ಓದ್ದೋಳು, ಇವ್ಳೇ ನಿಲ್ಲಲಿ," ಎಂದೆ.

ತಂಗಿ ಒಂದು ತಡೆಯಿಲ್ಲದೆ ಪೂರ್ತಿ ಹೇಳಿದಳು. ಅಜ್ಜಿಯ ಮಾತು ನನಗೆ ಆ ಹೊತ್ತಿನಲ್ಲಿ ನೆನಪಿತ್ತೇ? ಇತ್ತು. ಹಿತ್ತಲಲ್ಲಿ ಅದನ್ನು ಹೇಳಿ ಮುಗಿಸಿ ಅಜ್ಜಿ ಸೆರಗು ಕೊಡವಿದ್ದೂ ನೆನಪಿತ್ತು. ಆದರೂ ನನಗೆ ನೆನಪಾದದ್ದು ಮಗುವನ್ನು ಕೊಡುವ ಮೊದಲೋ ಕೊಟ್ಟ ಮೇಲೋ ಎಂಬುದು ಇಂದಿಗೂ ಬಗೆಹರಿದಿಲ್ಲ. ಒಮ್ಮೊಮ್ಮೆ ಮೊದಲೇ ಎಂದು ಕಾಣುತ್ತದೆ. ಅಂಥ ದಿನ ಊಟ ಸೇರುವುದಿಲ್ಲ.

ಒಳಗೆ ಸ್ವಾಮಿಗಳು ಲತೀನ್ ಭಾಷೆಯಲ್ಲಿ ಕೇಳುತ್ತಿದ್ದರು, ಉಪದೇಶಿ ಹೇಳಿಕೊಟ್ಟಂತೆ ಅವರಿಬ್ಬರೂ ಉತ್ತರ ಕೊಡುತ್ತಿದ್ದರು. ನಾಲಿಗೆಗೆ ಉಪ್ಪು ಇಟ್ಟಾಗ ಮಗು ಮುಖ ಕಿವುಚಿತು. ಇಬ್ಬರೂ ಒಟ್ಟಿಗೆ ನಕ್ಕರು. ಮೇಣದ ಬತ್ತಿಯ ಬೆಳಕಿನಲ್ಲಿ ಅವರು ಗಂಡ ಹೆಂಡತಿಯ ಹಾಗೆ ಕಂಡರು. ನಾನು ಕಂಬದ ಪಕ್ಕದಲ್ಲಿದ್ದೆ. ಆಗಲೂ ಕೂಗಿ ಹೇಳಬಹುದಿತ್ತು, ನೀರು ಇನ್ನೂ ಹೊಯ್ದಿರಲಿಲ್ಲ.

ಮನೆಗೆ ಬಂದಾಗ ಮಗು ತಂಗಿಯ ತೋಳಿನಲ್ಲಿರುವುದನ್ನು ಅಜ್ಜಿ ನೋಡಿದಳು.

"ಯಾರು ನಿಂತಿದ್ದು?"

"ನಾನೇ ಕಣಜ್ಜಿ. ಅಕ್ಕನ್ಗೆ ಮರ್ತೋಯ್ತು," ಎಂದಳು ತಂಗಿ ಖುಷಿಯಿಂದ.

ಅಜ್ಜಿ ಜಗುಲಿಯ ಮೇಲೆ ಕೂತು, ಅಲ್ಲಿಯೇ ಎಲ್ಲರೆದುರು ಆ ಕಟ್ಟಳೆಯನ್ನು ಹೇಳಿದಳು. ತಂಗಿ ಮಗುವನ್ನು ನೋಡಿದಳು, ಕಂಡಕ್ಟರ್ ಬಾಗಿಲನ್ನು ನೋಡಿದ. ಅಣ್ಣನೇ ಮೊದಲು ಬಾಯಿ ತೆರೆದ.

"ಇದ್ಯಾವ ನ್ಯಾಯ ಅಜ್ಜಿ? ಮಗೀಗೆ ಇವ್ನು ಅಪ್ಪ, ಇವ್ಳು ಅವ್ವ ಅಂದ್ಮೇಲೆ ಗಂಡ ಹೆಂಡ್ತಿ ತಾನೆ ಆಗ್ಬೇಕು? ಅಣ್ಣ ತಂಗಿ ಎಂಗಾಯ್ತಾರೆ?"

"ಬಾಯ್ ಮುಚ್ಲಾ. ನಮ್ಮೋರು ಯಾರೂ ಅಂಗೆ ಮಾಡ್ಕಂಡಿಲ್ಲ."

ನನಗೂ ಅಣ್ಣನ ಮಾತು ಸರಿ ಎನ್ನಿಸಿತ್ತು. ಆದರೆ ಗುಂಡ್ಲುಪೇಟೆಯಿಂದ ಬಂದ ಕಂಡಕ್ಟರನ ತಾಯಿಯೂ ಅಜ್ಜಿಯ ಮಾತನ್ನೇ ಆಡಿದಳು. ಉಪದೇಶಿಯನ್ನು ಕೇಳಿದರೆ, "ನಮ್ ಕಡೆ ಮಾಡ್ಕೊಳಾದಿಲ್ಲ ಕಣಮ್ಮ," ಎಂದಷ್ಟೇ ಹೇಳಿದರು. ಇಂಥ ವಿಷಯವನ್ನು ಸ್ವಾಮಿಗಳ ಹತ್ತಿರ ತೆಗೆದುಕೊಂಡು ಹೋಗುವುದು ನಾಚಿಕೆಗೇಡು ಎಂದು ಅಜ್ಜಿ ತಡೆದಳು. ನೀನು ಯಾಕೆ ಹೀಗೆ ಮಾಡಿದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಹಿತ್ತಲಲ್ಲಿ ಎಚ್ಚರಿಸಿದ್ದ ಅಜ್ಜಿಯೂ. ಓದಿಲ್ಲದವಳು, ಮರೆತಳು, ಅಷ್ಟೇ. ಆ ನಂಬಿಕೆಯ ಹಿಂದೆ ನಾನು ಹಾಯಾಗಿ ಅಡಗಿಕೊಂಡೆ.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ಪಾಪನಿವೇದನೆಗೆ ಹೋದಾಗ ತಡೆಯಲಾರದೆ ಸ್ವಾಮಿಗಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ಅಂಥಾ ಕಟ್ಟಳೆ ಇಲ್ಲಮ್ಮ," ಎಂದರು ಅವರು ಜಾಲರಿಯ ಆಚೆಯಿಂದ. "ಎತ್ತಿಕೊಂಡವರು ಆ ಮಗುವನ್ನು ಮದುವೆಯಾಗುವ ಹಾಗಿಲ್ಲ, ಅಷ್ಟೇ. ಅವರಿಬ್ಬರೂ ಒಬ್ಬರನ್ನೊಬ್ಬರು ಆಗಬಹುದು. ಹೋಗಿ ಮನೆಯಲ್ಲಿ ಹೇಳು. ನಂಬದಿದ್ದರೆ ನನ್ನ ಹತ್ತಿರ ಕಳಿಸು."

ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡು ಬಂದೆ. ತಂಗಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.

"ಯಾಕಕ್ಕ ಇಷ್ಟೊತ್ತು? ಅಷ್ಟೊಂದ್ ಪಾಪ ಮಾಡಿದ್ಯಾ?" ಎಂದು ಚೇಷ್ಟೆ ಮಾಡಿದಳು.

"ಜನ ಇದ್ರು," ಎಂದೆ.

ಹೇಳಿದ್ದರೆ, ನೀನು ಯಾಕೆ ಕೇಳಲು ಹೋದೆ ಎಂಬ ಮಾತು ಬರುತ್ತಿತ್ತು. ಆಮೇಲೆ, ನಿನಗೆ ಮೊದಲೇ ಗೊತ್ತಿತ್ತಾ ಎಂಬುದು. ಆ ಎರಡನೆಯ ಪ್ರಶ್ನೆಗೆ ಹೆದರಿದೆ. ನಾಳೆ ಹೇಳೋಣ ಎಂದುಕೊಂಡೆ. ಹುಳು ಗೂಡು ಕಟ್ಟುವ ಕಾಲ ಬಂತು, ಕೆಲಸ ಹೆಚ್ಚಿತು. ಕೆಲಸವಿದ್ದದ್ದು ನನಗೆ ಒಳ್ಳೆಯದೇ ಆಯಿತು.

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಕಂಡಕ್ಟರ್ ಬಂದ. ಬಹಳ ದಿನಗಳಿಂದ ಬಂದಿರಲಿಲ್ಲ. ಜಗುಲಿಯಲ್ಲಿ ನಾನೊಬ್ಬಳೇ ಇದ್ದೆ.

"ಮೈಸೂರ್ ಕಡೆ ಹೆಣ್ಣು ನೋಡವ್ರೆ ಅಕ್ಕ. ಅವ್ವ ನಾಳೆ ಮಾತು ಕೊಡ್ತೀನಿ ಅಂತವ್ಳೆ," ಎಂದ. ಚರ್ಮದ ಚೀಲದ ಪಟ್ಟಿಯನ್ನು ತಿರುಚುತ್ತಾ ನಿಂತ. "ಅಲ್ಲಾ, ಸ್ವಾಮ್ಯೋರ್ನ ಒಂದ್ ಮಾತು ಕೇಳ್ಬೋದಿತ್ತೇನೋ ಅಲ್ವಾ? ನಂಗೆ ಧೈರ್ಯ ಸಾಲ್ದು. ನೀನಾರ ಕೇಳ್ತೀಯಾ?"

ಉತ್ತರ ನನ್ನ ಬಾಯಿಯಲ್ಲೇ ಇತ್ತು. ಈ ಸಲ ಮರೆತಿರಲಿಲ್ಲ.

"ಕೇಳಿ ಏನಾಗ್ಬೇಕಪ್ಪ? ದೊಡ್ಡೋರು ಯೋಳಾಯ್ತಲ್ಲ," ಎಂದೆ.

ಅವನು ತಲೆಯಾಡಿಸಿದ. ಅಷ್ಟರಲ್ಲಿ ತಂಗಿ ನೀರು ತಂದಳು. ಅವನ ಮುಖ ನೋಡದೆ ಲೋಟ ಚಾಚಿ, "ತಕೋ ಅಣ್ಣ," ಎಂದಳು. ಆ ಮಾತನ್ನು ಅವಳು ಎಷ್ಟು ಸಲ ಒಬ್ಬಳೇ ಹೇಳಿ ಅಭ್ಯಾಸ ಮಾಡಿದ್ದಳೋ. ಅವನು ನೀರು ಕುಡಿಯದೆ ಲೋಟವನ್ನು ಜಗುಲಿಯ ಮೇಲಿಟ್ಟು ಹೋದ.

ಎರಡು ಮಳೆಗಾಲ ಕಳೆದ ಮೇಲೆ ತಂಗಿಯನ್ನು ಪುಣಜನೂರಿನ ಆಚೆ, ಘಾಟಿ ಇಳಿದು, ತಮಿಳು ಸೀಮೆಗೆ ಕೊಟ್ಟರು. ಹೆಂಡತಿ ಸತ್ತವನು, ಒಳ್ಳೆಯವನೇ. ಅವಳು ಅತ್ತದ್ದನ್ನು ನಾನು ನೋಡಿಲ್ಲ, ಆಗಾಗ ಊರಿಗೆ ಬಂದಾಗಲೂ ನನ್ನ ಮೇಲೆ ಪ್ರೀತಿ ಕಡಿಮೆಯಾದದ್ದನ್ನೂ ಕಂಡಿಲ್ಲ. ಅವಳ ಬದುಕು ಕೆಟ್ಟಿತು ಎಂದು ಹೇಳುವ ಅಧಿಕಾರ ನನಗಿಲ್ಲ. ಚರ್ಚಿನ ಬಾಗಿಲಲ್ಲಿ ಏನಾಯಿತೋ ನನಗೇ ತಿಳಿಯದು, ಅದನ್ನು ದೇವರು ನೋಡಿಕೊಳ್ಳಲಿ. ಕಂಡಕ್ಟರ್ ಕೇಳಿದ ಮಧ್ಯಾಹ್ನ ಜಗುಲಿಯ ಮೇಲೆ ಏನಾಯಿತೆಂಬುದು ನನಗೆ ಚೆನ್ನಾಗಿ ತಿಳಿದಿದೆ. ಅದನ್ನು ಮಾತ್ರ ತಂಗಿಗೆ ಇನ್ನೂ ಹೇಳಿಲ್ಲ.