ಕಾಕಿ ಕೇಳಿದ ಒಂದು ಸಾಲು

ನಮ್ಮ ಬಳಗದಲ್ಲಿ ಯಾರಾದರೂ ತೀರಿಕೊಂಡರೆ ಕುಣಿ ತೋಡುವವರಿಗಿಂತ ಮೊದಲು ನನಗೆ ಫೋನು ಬರುತ್ತದೆ. ಸ್ವಲ್ಪ ಹೊತ್ತು ಅಳು, ಆಮೇಲೆ ಕೆಲಸದ ಮಾತು: ‘ಛಂದಾಗಿ ಬರೀಬೇಕ್ ನೋಡ್ರಿ, ಬೀಗರು ಬರ್ತಾರ.’ ಮಣ್ಣಾದ ಕೆಲವು ದಿನಗಳಿಗೆ ನಮ್ಮಲ್ಲಿ ಪುಣ್ಯಾನುಮೋದನೆ ಮಾಡುತ್ತೇವೆ. ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ, ತ್ರಿಸರಣ ಹೇಳಿ, ಸತ್ತವರ ಜೀವನ ಪರಿಚಯವನ್ನು ಮೈಕಿನಲ್ಲಿ ಓದುತ್ತಾರೆ. ನಾಲ್ಕು ಜನ ಎದ್ದು ಮಾತಾಡುತ್ತಾರೆ. ಆಮೇಲೆ ಊಟ. ಎರಡು ಪುಸ್ತಕ ಬರೆದ ತಪ್ಪಿಗೆ ಆ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಕೆಲಸದಲ್ಲಿ ನಾನು ಪಳಗಿದವನು. ನಾನು ಬರೆಯಲು ಶುರು ಮಾಡಿದ ಮೇಲೆ ನಮ್ಮ ಬಳಗದಲ್ಲಿ ಒಬ್ಬನೇ ಒಬ್ಬ ಕುಡುಕ ಸತ್ತಿಲ್ಲ. ಸತ್ತವರೆಲ್ಲ ಸ್ನೇಹಜೀವಿಗಳು. ತಮ್ಮನ ಹೊಲ ನುಂಗಿದವನು ದೂರದೃಷ್ಟಿಯುಳ್ಳವನು, ಸೊಸೆಯನ್ನು ಅನ್ನಕ್ಕೆ ಅಳಿಸಿದವಳು ಸಂಸಾರವನ್ನು ಶಿಸ್ತಿನಲ್ಲಿಟ್ಟವಳು. ಪತ್ರಿಕೆಗೆ ಬರೆಯುವಾಗ ಮಾತ್ರ ನಾನು ಬೇರೆ ಮನುಷ್ಯ. ಸರ್ಕಾರ, ಸಮಾಜ, ಊರ ಗೌಡ, ಯಾರನ್ನೂ ಬಿಡುವುದಿಲ್ಲ. ‘ಏನ್ ಖಡಕ್ ಬರೀತೀರ್ರಿ’ ಎಂದು ಬೀದರಿನ ಓದುಗರು ಬೆನ್ನು ತಟ್ಟುತ್ತಾರೆ. ಆ ಗೌಡನ ಮನೆಗೆ ನಾನು ಊಟಕ್ಕೆ ಹೋಗಬೇಕಾಗಿಲ್ಲವಲ್ಲ, ಧೈರ್ಯಕ್ಕೇನು ಕಡಿಮೆ.

ಸಾಯಗಾಂವದ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ತೀರಿಕೊಂಡಾಗಲೂ ಎಂದಿನಂತೆ ಬರೆದಿಟ್ಟಿದ್ದೆ. ಗಂಡ ಸತ್ತ ವಾರದಲ್ಲಿ ಹೆಂಗಸು ಹೊಸ್ತಿಲು ದಾಟಬಾರದು ಎನ್ನುವವರು ನಮ್ಮಲ್ಲೂ ಇದ್ದಾರೆ. ಕಾಕಿ ಅವರನ್ನು ದಾಟಿಕೊಂಡು, ಭಾಲ್ಕಿಯಲ್ಲಿ ಬಸ್ಸು ಬದಲಿಸಿ, ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಗೆ ಬಂದಳು.

‘ಏನ್ ಬರ್ದಿದಿ, ಓದು’ ಎಂದಳು.

ಓದಿದೆ. ಬಡತನ, ದುಡಿಮೆ, ಮಕ್ಕಳ ಓದು. ‘ಪತ್ನಿಯನ್ನು ಹೂವಿನಂತೆ ನೋಡಿಕೊಂಡರು’ ಎಂಬಲ್ಲಿಗೆ ಬಂದಾಗ ಕಾಕಿ ಚಹಾದ ಕಪ್ಪು ಕೆಳಗಿಟ್ಟಳು.

‘ಇದು ಯಾರ ಗಂಡಂದು?’

ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು.

‘ಹಂಗೇ ಬರೀತಾರ ಕಾಕಿ. ರಿವಾಜ್ ಅದ.’

‘ಹೊಡದಿದ್ದು ಬರೀಬ್ಯಾಡ. ಬೈದಿದ್ದೂ ಬಿಡು. ಒಂದೇ ಒಂದ್ ಸಾಲ ಬರೀ. ನಮ್ಮವ್ವನ ಮಣ್ಣಿಗಿ ನನಗ ಕಳಸಲಿಲ್ಲ ಅಂತ ಬರೀ.’

ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಾಕಿಯ ತವರು ಔರಾದ. ಕಣದಲ್ಲಿ ತೊಗರಿಯ ರಾಶಿ ನಡೆದಿದ್ದಾಗ ಅಲ್ಲಿಂದ ಒಬ್ಬ ಬಂದು, ನಿಮ್ಮ ಅತ್ತೆ ತೀರಿಕೊಂಡಳು ಎಂದು ಕಾಕಾನಿಗೆ ಹೇಳಿದ. ಕಾಕಾ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ‘ಸತ್ತಾಕಿ ಎಲ್ಲಿ ಓಡಿ ಹೋಗ್ತಾಳ? ರಾಶಿ ಮುಗೀಲಿ’ ಎಂದ. ಕಾಕಿ ಅಳುತ್ತಲೇ ತೊಗರಿ ತೂರಿದಳು. ರಾಶಿ ಮುಗಿಸಿ ಔರಾದಕ್ಕೆ ಹೋದಾಗ ತಾಯಿಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅಷ್ಟರಲ್ಲಿ ಕಾಕಾ ಭಾಲ್ಕಿಯ ಸಂತೆಯಲ್ಲಿ ಅವಳ ಅಣ್ಣನನ್ನು ಕಂಡು, ‘ಅಕಿಗೇ ಬರೋ ಮನಸ್ಸಿರಲಿಲ್ಲ’ ಎಂದು ಹೇಳಿಬಿಟ್ಟಿದ್ದ. ಅಣ್ಣ ಅವಳನ್ನು ಒಳಗೆ ಕರೆಯಲಿಲ್ಲ. ತವರು ಅಂದೇ ಮುಗಿಯಿತು.

‘ನೀನೇ ಅಣ್ಣಗ ಹೇಳಬಾರದೇನು?’ ಎಂದೆ.

‘ಹೇಳೀನಿ. ನಾ ಹೇಳಿದ್ರ ನೆಪ ಅಂತಾನ. ಅಂವ ಬರ್ತಾನ ಅವತ್ತ. ಮೈಕಿನಾಗ ಓದಿದ್ರ ಖರೇ ಅಂತಾನ.’

ಆಮೇಲೆ ನಾವಿಬ್ಬರೂ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ದರ ಕುದುರಿಸುವವರ ಹಾಗೆ ಕೂತೆವು. ‘ಕೆಲಸದ ಒತ್ತಡದಿಂದ ಕಳುಹಿಸಲಾಗಲಿಲ್ಲ’ ಎಂದೆ. ‘ಆಗಲಿಲ್ಲ ಅಲ್ಲ, ಕಳಸಲಿಲ್ಲ’ ಎಂದಳು. ‘ಪರಿಸ್ಥಿತಿ ಹಾಗಿತ್ತು’ ಎಂದೆ. ‘ಪರಿಸ್ಥಿತಿಗಿ ಮೀಸಿ ಇತ್ತೇನು?’ ಎಂದಳು. ಕೊನೆಗೆ, ಆಯ್ತು ಬರೀತೇನಿ ಎಂದೆ. ಹೋಗುವಾಗ ನನ್ನ ಕೆನ್ನೆ ಸವರಿ ಲಟಿಕೆ ತೆಗೆದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಕಾಕಾನ ಹಿರಿಯ ಮಗನ ಫೋನು. ಅವನ ಮಗಳಿಗೆ ಸಂಬಂಧ ಮಾತಾಗಿತ್ತು, ಹುಡುಗನ ಕಡೆಯವರು ಬರುವವರಿದ್ದರು. ‘ಅವ್ವಗ ಹುಚ್ಚು ಹಿಡದದ. ನೀವರ ತಿಳದವರಿದೀರಿ. ಮಂದ್ಯಾಗ ನಮ್ಮಪ್ಪನ ಮರ್ಯಾದಿ ತೆಗೀಬ್ಯಾಡ್ರಿ’ ಎಂದ. ಇಬ್ಬರಿಗೂ ಇಲ್ಲ ಅನ್ನಲಾರದೆ ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಮಾಡಿದೆ. ಕುಳಿತು ಒಂದು ಸಾಲು ಕಟ್ಟಿದೆ: ‘ಅತ್ತೆಯವರು ತೀರಿಕೊಂಡ ದಿನವೂ ಈ ದಂಪತಿ ತೊಗರಿಯ ರಾಶಿ ಬಿಟ್ಟು ಹೋಗಲಿಲ್ಲ.’ ಸುಳ್ಳಿಲ್ಲ, ನಡೆದದ್ದೇ ಇದೆ, ಯಾರಿಗೂ ನೋವಿಲ್ಲ. ಹೆಂಡತಿಗೆ ಓದಿ ತೋರಿಸಿದೆ.

‘ಕಳಸಲಿಲ್ಲ ಅನ್ನೋದು ಎಲ್ಲಿ ಹೋಯ್ತರಿ?’ ಎಂದಳು.

ಅದು ಒಳಗಿದೆ, ತಿಳಿಯುವವರಿಗೆ ತಿಳಿಯುತ್ತದೆ ಎಂದೆ. ನಾಚಿಕೆಗೆಟ್ಟ ಸಾಹಿತಿಗಳೆಲ್ಲ ಆಡುವ ಮಾತು ಅದು.

ಸಾಯಗಾಂವದಲ್ಲಿ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಕಾಕಿ ಬಿಳಿ ಸೀರೆಯುಟ್ಟು ಮುಂದೆ ಕೂತಿದ್ದಳು. ಅವಳ ಅಣ್ಣ ಬಂದು ಕೊನೆಯ ಸಾಲಿನ ಕುರ್ಚಿಯಲ್ಲಿ, ಏಳಲು ಅನುಕೂಲವಾಗುವಂತೆ ತುದಿಯಲ್ಲಿ ಕೂತಿದ್ದ. ನಾನು ಓದಿದೆ. ಆ ಸಾಲು ಬಂದಾಗ ಜನ ತಲೆದೂಗಿದರು. ಹೌದು, ಮೆಚ್ಚಿ ತಲೆದೂಗಿದರು. ಕಾಕಿ ತಲೆಯೆತ್ತಿ ನನ್ನನ್ನು ನೋಡಿದಳು. ಮುಂದಿನ ಸಾಲಿನಲ್ಲಿ ಬರಬಹುದೆಂದು ಕಾದಳೆಂದು ಕಾಣುತ್ತದೆ. ಮುಂದಿನ ಸಾಲು ಮಕ್ಕಳ ನೌಕರಿಯ ಬಗ್ಗೆ ಇತ್ತು.

ಆಮೇಲೆ ಗಾಂಧಿ ಗಂಜಿನ ಅಡತಿ ಅಂಗಡಿಯವನೊಬ್ಬ ಎದ್ದ. ಕಾಕಾ ವರ್ಷ ವರ್ಷ ತೊಗರಿ ಹಾಕುತ್ತಿದ್ದುದು ಅವನ ಅಂಗಡಿಗೆ. ‘ಈಗ ಓದಿದ್ರು ನೋಡ್ರಿ, ಎಂಥಾ ದುಡಿಯೋ ಜೋಡಿ! ಹಡದವ್ವ ಸತ್ತ ದಿನಾನೂ ಈ ತಾಯಿ ಗಂಡನ ಕೂಡ ಕಣದಾಗ ನಿಂತಿದ್ದಳ್ರಿ. ಇಂದಿನ ಹೆಣ್ಣಮಕ್ಕಳು ಕಲೀಬೇಕ್ರಿ’ ಎಂದ. ಚಪ್ಪಾಳೆ ಬಿತ್ತು. ಹುಡುಗನ ಕಡೆಯವರೂ ತಟ್ಟಿದರು.

ಅಣ್ಣ ಎದ್ದು ಚಪ್ಪಲಿ ಮೆಟ್ಟಿದ. ಕಾಕಿ ಓಡಿಹೋಗಿ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ.

‘ಇಷ್ಟ್ ವರ್ಷ ನನಗ ಒಂದೀಟು ಅನುಮಾನ ಇತ್ತು’ ಎಂದ. ‘ನನ್ನ ತಂಗಿ ಹಂಗ ಮಾಡ್ಯಾಳೇನು ಅಂತ. ಇವತ್ತ ಮೈಕಿನಾಗೇ ಹೇಳಿದ್ರಲ್ಲ.’

ಊಟ ಮಾಡದೆ ಹೋದ. ನಾನು ಪಂಕ್ತಿಯಲ್ಲಿ ಕೂತಿದ್ದೆ, ಹಸಿವಾಗಿತ್ತು. ಕಾಕಿ ಸಾರಿನ ಬಕೀಟು ಹಿಡಿದು ನನ್ನ ಮುಂದೆ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

‘ಭಾಳ ಛಂದ ಬರೀತಿ ನೀ’ ಎಂದಳು. ‘ನನ್ನ ದಿನಕ್ಕ ಬರೀಬ್ಯಾಡ. ಬಂದು ಉಂಡು ಹೋಗು.’

ಸಾರು ಬಡಿಸಿ ಮುಂದಿನ ಎಲೆಗೆ ಹೋದಳು.

ಕೆಲವು ದಿನ ಬಿಟ್ಟು ಔರಾದಕ್ಕೆ ಹೋಗಿ ಅವಳ ಅಣ್ಣನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುದುಕ ಪೂರ್ತಿ ಕೇಳಿದ, ನೀರು ಕೊಟ್ಟ. ‘ನೀವು ಬರಿಯೋ ಮಂದಿರಿ. ಅವತ್ತೊಂದು ಓದಿದ್ರಿ, ಇವತ್ತೊಂದು ಹೇಳ್ತೀರಿ. ನಾಳಿ ಮತ್ತೊಂದು ಬರೀತೀರಿ. ನಾ ಯಾವ್ದು ನಂಬಲಿ?’ ಎಂದ. ಬಸ್ಸಿನಲ್ಲಿ ವಾಪಸು ಬರುವಾಗ ಅವನ ಮೇಲೆಯೇ ಸಿಟ್ಟು ಬಂತು, ಮುದುಕ ಮೊಂಡ ಎಂದು. ಬೇರೆ ಯಾರ ಮೇಲೆ ಸಿಟ್ಟಾಗಲಿ?

ಹೋದ ಮಳೆಗಾಲದಲ್ಲಿ ಕಾಕಿ ತೀರಿಕೊಂಡಳು. ಫೋನು ಬಂತು. ಬರೆಯುವುದಿಲ್ಲ, ಅವಳೇ ಬೇಡ ಅಂದಿದ್ದಾಳೆ ಎಂದೆ. ‘ಸೊಕ್ಕು ಬಂದದ’ ಅಂದರಂತೆ. ಬಳಗದ ಹೊಸ ಹುಡುಗಿಯೊಬ್ಬಳು, ಭಾಲ್ಕಿಯ ಕಾಲೇಜಿನಲ್ಲಿ ಕನ್ನಡ ಓದುವವಳು, ಬರೆದಳು. ಕಾಕಾನ ಪರಿಚಯವನ್ನೇ ಮಾದರಿಯಾಗಿ ಕೊಟ್ಟಿದ್ದರು. ಅದೇ ಪೆಂಡಾಲಿನ ಜಾಗ, ಅದೇ ಮೈಕು. ಔರಾದದಿಂದ ಯಾರೂ ಬಂದಿರಲಿಲ್ಲ. ಹುಡುಗಿ ಒಳ್ಳೆಯ ದನಿಯಲ್ಲಿ ಓದಿದಳು: ‘ಹೆತ್ತ ತಾಯಿ ತೀರಿಕೊಂಡ ದಿನವೂ ಈ ಸಾಧ್ವಿ ಪತಿಯೊಂದಿಗೆ ತೊಗರಿಯ ರಾಶಿ ಬಿಟ್ಟು ಹೋಗಲಿಲ್ಲ.’

ಜನ ತಲೆದೂಗಿದರು. ನಾನು ಕಾಕಿ ಹೇಳಿದ್ದ ಹಾಗೆ ಉಂಡು ಬಂದೆ.